ಬೆರಳು ಕಟ್ಟಿಕೊಂಡ ಹದಿನೈದು ದಿನ

ನನ್ನ ಬಲಗೈಯ ಉಂಗುರದ ಬೆರಳು ಮಡಚಿಕೊಳ್ಳಲು ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೊದಲು ಅಂಗೈಯಲ್ಲೊಂದು ಗಂಟು, ಆಮೇಲೆ ಚರ್ಮದಡಿ ಹುರಿಯಂಥ ಎಳೆ, ಕೊನೆಗೆ ಬೆರಳೇ ಒಳಕ್ಕೆ. ಮುಖ ತೊಳೆಯಲು ಹೋದರೆ ನನ್ನ ಬೆರಳೇ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮುದ್ದೆ ಕಟ್ಟಿದರೆ ಒಂದು ಕಡೆ ಗುಳಿ ಬೀಳುತ್ತಿತ್ತು.

"ಏನಮ್ಮಿ, ಮುದ್ದೆಗೂ ಮೂಗು ಕಣ್ಣು ಮಾಡಿದ್ದೀಯ" ಎಂದು ನಮ್ಮ ಯಜಮಾನರು ನಗಾಡಿದರು.

"ಬೇಕಾದ್ರೆ ಉಣ್ಣಿ, ಇಲ್ದಿದ್ರೆ ನೀವೇ ಕಟ್ಕಳಿ" ಎಂದೆ. ಅವರು ಮತ್ತೆ ನಗಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯ ಡಾಕ್ಟರು, ಇದಕ್ಕೊಂದು ಹೊಸ ಇಂಜೆಕ್ಷನ್ ಬರುತ್ತಿದೆ, ಒಪ್ಪಿದವರ ಮೇಲೆ ಪ್ರಯೋಗ ಮಾಡುತ್ತೇವೆ ಎಂದರು. ವಾಸಿಯಾಗುತ್ತದೆಂದು ಮಾತು ಕೊಡಲಿಲ್ಲ. ಕೆಲವರಿಗೆ ಔಷಧಿಯಿಲ್ಲದ ಬರೀ ಉಪ್ಪುನೀರಿನ ಸೂಜಿಯೂ ಬೀಳಬಹುದು, ಅದು ಯಾರಿಗೆಂದು ನಮಗೂ ಗೊತ್ತಿರುವುದಿಲ್ಲ ಎಂದೂ ಬಿಡಿಸಿ ಹೇಳಿದರು. ಪ್ರಯೋಗಕ್ಕೆ ಸರ್ಕಾರದ ಅನುಮತಿ ಬಂದ ಮೇಲೆ ಫೋನ್ ಮಾಡುತ್ತಾರೆ, ಅಲ್ಲಿಯವರೆಗೆ ಬೇರೆ ಚಿಕಿತ್ಸೆ ಕೂಡದು. ಸೈ ಹಾಕಿ ಬಂದೆ.

ಅಲ್ಲಿನ ಬೆಂಚಿನ ಮೇಲೆ ಪರಿಚಯವಾದವಳು ರಾವಂದೂರಿನ ಹೆಂಗಸು. ನನಗಿಂತ ಚಿಕ್ಕವಳು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿ ಅವಳದು, ಮಡಚಿಕೊಂಡಿದ್ದು ಎರಡು ಕೈಯ ಬೆರಳೂ. ಹೋದ ಸುಗ್ಗಿಯಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆದಿರಲಿಲ್ಲ. ನನಗೆ ಮುದ್ದೆಯ ಗುಳಿ, ಅವಳಿಗೆ ಮುದ್ದೆಯೇ ಇಲ್ಲ.

ತಿಂಗಳುಗಟ್ಟಲೆ ಕಾದೆವು. ಬಚ್ಚಲಿಗೆ ಹೋದರೂ ಫೋನು ಜೊತೆಗೇ ಬರುತ್ತಿತ್ತು. ಕೊನೆಗೆ, ಹದಿನೈದು ದಿನ ಬಿಟ್ಟು ಬೆರಳಿನ ಅಳತೆಗೆ ಬನ್ನಿ, ಅಳತೆ ನೋಡಿಯೇ ಆರಿಸುವುದು ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅಷ್ಟರಲ್ಲಿ ಬೆರಳು ಇನ್ನಷ್ಟು ಬಗ್ಗಿತ್ತು.

ಹನಗೋಡಿನಲ್ಲಿ ನಾವು ಹೊಗೆಸೊಪ್ಪು ಬೆಳೆಯುತ್ತೇವೆ. ಹರಾಜಿಗೆ ಸೊಪ್ಪಿನ ಹೊರೆ, ನಮ್ಮ ಮಾತಿನಲ್ಲಿ ಬೇಲು, ಕಟ್ಟುವಾಗ ಒಳ್ಳೆಯ ಎಲೆ ಮೇಲಿಡುವುದು ನಮ್ಮ ರಕ್ತದಲ್ಲೇ ಇದೆ. ಕೊಳ್ಳುವವನು ಕೆಟ್ಟದ್ದನ್ನು ಕಂಡರೆ ಮುಂದಕ್ಕೆ ಹೋಗುತ್ತಾನೆ. ಡಾಕ್ಟರೂ ಹಾಗೇ ಎಂದುಕೊಂಡೆ. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ, ನುಗ್ಗೆಸೊಪ್ಪಿನ ಶಾಖ ಕೊಟ್ಟು, ಬೆರಳು ನೆಟ್ಟಗೆ ಕಾಣಲೆಂದು ಬಿದಿರಿನ ಸೀಳು ಕಟ್ಟಿಕೊಂಡೆ. ಸುಮ್ಮನಿರಲಾರದೆ ರಾವಂದೂರಿನವಳಿಗೂ ಫೋನ್ ಮಾಡಿದೆ.

"ನೀನೂ ಕಟ್ಕ ಕಣವ್ವ. ಕೈ ನೋಡ್ತಿದ್ದಂಗೇ ಇದಾಗಕಿಲ್ಲ ಅಂದ್ಬುಟ್ರೆ?"

"ಬ್ಯಾರೆ ಔಸ್ದಿ ಮಾಡ್ಬಾರ್ದು ಅಂದಿದ್ರಲ್ಲಕ್ಕ?"

"ಅರಳೆಣ್ಣೆ ಯಾವ ಔಸ್ದಿ? ಕೂಸಿನ ನೆತ್ತಿಗೆ ಆಕಲ್ವಾ?"

ಅಳತೆಯ ದಿನ ಅವಳನ್ನು ಮೊದಲು ಕರೆದರು. ಹೊರಗೆ ಬಂದು ನನ್ನ ಪಕ್ಕ ಕುಳಿತಳು.

"ಬ್ಯಾಡ ಅಂದ್ರು ಕಣಕ್ಕ. ಏನಾರ ಕಟ್ಟಿದ್ರಾ ಅಂತ ನರ್ಸಮ್ಮ ಕೇಳ್ತು, ಊ ಅಂದೆ. ಕಟ್ಟಿದ್ ಕೈ ಅಳತೆ ಸರಿಯಾಗಿ ಸಿಕ್ಕಕಿಲ್ವಂತೆ. ಚರ್ಮನೂ ಕಿತ್ತೋಗೈತಂತೆ."

ಕಟ್ಟು ಎಂದವರು ಯಾರೆಂದು ಅವಳು ಒಳಗೆ ಹೇಳಿರಲಿಲ್ಲ. ನನ್ನೆದುರೂ ಎತ್ತಿ ಆಡಲಿಲ್ಲ.

ಆಮೇಲೆ ನನ್ನ ಸರದಿ. ನನ್ನದು ಎಮ್ಮೆ ಚರ್ಮ, ಒಂದು ಗೆರೆಯೂ ಬಿದ್ದಿರಲಿಲ್ಲ. ನರ್ಸ್ ಕೇಳಿದಾಗ "ಏನೂ ಮಾಡಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅಳೆದು, ಬರೆದುಕೊಂಡು, ಕರೆಯುತ್ತೇವೆ ಎಂದರು.

ಬಸ್ಸಿನಲ್ಲಿ ಹುಣಸೂರಿನವರೆಗೆ ಒಂದೇ ಸೀಟಿನಲ್ಲಿ ಬಂದೆವು. ನಾನು ಇಳಿಯುವಾಗ, "ಒಬ್ರುಗಾದ್ರೂ ಆಯ್ತಲ್ಲ ಬುಡಕ್ಕ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆವತ್ತಿನಿಂದ ಎರಡು ದಿನಕ್ಕೊಮ್ಮೆ ಅವಳ ಫೋನು: "ಕರದ್ರಾ ಅಕ್ಕ?" ನನ್ನನ್ನು ಹಂಗಿಸಲೆಂದೇ ಕೇಳುತ್ತಾಳೆ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ತಪ್ಪು ನನ್ನದು, ಸಿಟ್ಟು ಅವಳ ಮೇಲೆ.

ಒಂದು ಬೆಳಿಗ್ಗೆ ನರ್ಸ್ ಫೋನ್ ಮಾಡಿದರು. ಅನುಮತಿ ಬಂದಿದೆ, ಸೋಮವಾರ ಸೂಜಿ, ಖಾಲಿ ಹೊಟ್ಟೆಯಲ್ಲಿ ಬರುವುದೇನೂ ಬೇಡ ಎಂದೆಲ್ಲ ಹೇಳಿ, "ಕೈಗೆ ಏನೂ ಹಚ್ಚಿಲ್ಲ, ಕಟ್ಟಿಲ್ಲ ತಾನೇ?" ಎಂದರು. ಎಲ್ಲರಿಗೂ ಕೇಳುವ ಮಾತು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ಕಟ್ಟಿದ್ದೆ ಕಣವ್ವ. ಅಳ್ತೆಗೆ ಬರೋ ಮೊದ್ಲು ಹದಿನೈದು ದಿನ. ರಾವಂದೂರಿನೋಳ್ಗೆ ಕಟ್ಕ ಅಂದೋಳೂ ನಾನೇ. ಅವಳ ಹೆಸ್ರು ತಿರ್ಗ ಸೇರ್ಸಕಾಯ್ತದಾ?"

"ಡಾಕ್ಟರಿಗೆ ಹೇಳ್ತೀನಿ. ನೀವು ಸೋಮವಾರ ಬರಬೇಡಿ" ಎಂದರು. ಅವಳ ಹೆಸರಿನ ಬಗ್ಗೆ ಏನೂ ಹೇಳಲಿಲ್ಲ.

ಕೂಡಲೇ ರಾವಂದೂರಿನವಳಿಗೆ ಫೋನ್ ಮಾಡಿ, ಸುಳ್ಳು ಹೇಳಿದ್ದನ್ನೂ ಈಗ ಒಪ್ಪಿಕೊಂಡಿದ್ದನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳ ಮನಸ್ಸಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ.

"ಯಾಕಕ್ಕ ಇಂಗ್ ಮಾಡ್ದೆ?" ಎಂದಳು. "ನಿನ್ ಕೈ ನೆಟ್ಟಗಾಯ್ತು ಅಂದ್ರೆ ನಾಳೆ ನಂದೂ ಆದಾತು ಅಂತ ಕಾಯ್ಕಂಡಿದ್ದೆ ಕಣಕ್ಕ. ಈಗ ಯಾರ ಕೈ ನೋಡ್ಕಂಡು ಕಾಯ್ಲಿ?"