ಮದರಾಸು ಬಂದರಿನಲ್ಲಿ ಗಂಡನ ಹಡಗಿಗೆ ಕಾದ ರಾತ್ರಿ

ಹಡಗು ಅಲ್ಲೇ ಇತ್ತು, ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಆದರೆ ಒಳಗೆ ಮಾತ್ರ ಬರುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸತು. ಮದರಾಸು ಬಂದರಿನಲ್ಲಿ ನಾನು ಮತ್ತು ನಮ್ಮತ್ತೆ ಮಧ್ಯಾಹ್ನದಿಂದ ಕಾಯುತ್ತಿದ್ದೆವು. ಆ ಸರಕಿನ ಹಡಗಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು ನನ್ನ ಗಂಡ.

ಹಿಂದೂಪುರದಲ್ಲಿ ನಮ್ಮ ಮಾವನದು ಹುಣಸೆಹಣ್ಣಿನ ಮಂಡಿ. ಮದುವೆಯಾದ ವರ್ಷವೇ ಅಪ್ಪ ಮಗನಿಗೆ ಜಗಳ. "ಬೆಂಗಳೂರಿಗೆ ಹೋಗಿ ಬತ್ತೀನಿ" ಎಂದು ಹೊರಟವರು ಹೋಗಿದ್ದು ಸಮುದ್ರಕ್ಕೆ!

ಎರಡು ವರ್ಷ ಸುದ್ದಿಯೇ ಇಲ್ಲ. ಕೊನೆಗೆ ಮಾವನ ಹತ್ತಿರ ಹುಣಸೆ ಕೊಳ್ಳುವ ಮದರಾಸಿನ ಸೇಟು ಒಬ್ಬರು ಇವರನ್ನು ಬಂದರಿನಲ್ಲಿ ನೋಡಿದರಂತೆ. ಹಡಗು ಮತ್ತೆ ಬರುವ ದಿನ ವಿಚಾರಿಸಿ ಹೇಳಿಕಳಿಸಿದರು.

ಮಾವ ಜಪ್ಪಯ್ಯ ಅಂದರೂ ಬರಲಿಲ್ಲ. ನಾವಿಬ್ಬರೇ ರೈಲು ಹತ್ತಿದೆವು.

ಕತ್ತಲಾಯಿತು. ಹಡಗಿನ ದೀಪಗಳು ಹೊತ್ತಿಕೊಂಡವು. ಆಮೇಲೆ ಹಡಗಿನದು ಎದೆ ನಡುಗುವಂಥ ಒಂದು ಕೂಗು... ಎರಡು ಸಣ್ಣ ದೋಣಿಗಳು ಆ ಬೆಟ್ಟದಂಥ ಹಡಗನ್ನು ದಡದ ಕಡೆಗೆ ಎಳೆದುಕೊಂಡು ಹೊರಟವು.

ಎಷ್ಟು ನಿಧಾನ ಅಂದರೆ, ನೋಡುವವರಿಗೆ ತಲೆ ಕೆಡಬೇಕು.

"ಏಯಮ್ಮ, ಇದು ಬತ್ತಾ ಐತಾ, ನಿಂತೈತಾ? ನಮ್ಮೂರ್ ಪಕ್ಕದ ಪರಿಗಿ ಎತ್ತಿನಗಾಡಿ ಇದಕ್ಕಿಂತ ವಾಸಿ ಕಣಮ್ಮ" ಎಂದು ಅತ್ತೆ ಗೊಣಗಿದರು. ಬಂದರು ತೋರಿಸಲು ಜೊತೆಗೆ ಬಂದಿದ್ದ ಸೇಟು ನಕ್ಕರು. ನನಗೆ ನಗು ಬರಲಿಲ್ಲ.

ಹಡಗು ಹತ್ತಿರ ಬಂದಂತೆ ಆಕಾಶವೇ ಮುಚ್ಚಿಹೋಯಿತು. ಎದುರಿಗೆ ಬರೀ ಕಬ್ಬಿಣದ ಕರಿ ಗೋಡೆ. ಮೇಲಿನಿಂದ ತೊಲೆಯಷ್ಟು ದಪ್ಪದ ಹಗ್ಗಗಳು ದೊಪ್ಪನೆ ಬಿದ್ದವು.

ಮೇಲೆ ಹಡಗಿನ ಕಟಕಟೆಯ ಹತ್ತಿರ ಗಂಡಸರು ಸಾಲಾಗಿ ನಿಂತರು. ಎಲ್ಲರ ಮುಖವೂ ಮಸಿ. ಅತ್ತೆ ಒಬ್ಬನಿಗೆ ಎರಡೂ ಕೈ ಬೀಸಿ "ನನ್ ಮಗ!" ಎಂದು ಅಳತೊಡಗಿದರು. ಅವನು ಪಕ್ಕಕ್ಕೆ ತಿರುಗಿ ಬೀಡಿ ಹಚ್ಚಿದ. ಅವನು ಯಾರೋ ಬೇರೆಯವನು.

ನಾನು ಒಂದೊಂದೇ ಮುಖ ನೋಡುತ್ತಾ ಹೋದೆ. ಆಗ ಗೊತ್ತಾಯಿತು... ನನಗೆ ಗಂಡನ ಮುಖ ನೆನಪೇ ಇಲ್ಲ.

ಬಂದದ್ದು ದುಃಖ ಅಲ್ಲ, ಸಿಟ್ಟು.

ಬಂದು ನಿಂತಮೇಲಾದರೂ ಇಳಿಸುತ್ತಾರಾ? ಇಲ್ಲ. ಮೊದಲು ಡಾಕ್ಟರ್ ನೋಡಬೇಕಂತೆ, ಆಮೇಲೆ ಕಸ್ಟಮ್ಸಿನವರು. ಅತ್ತೆ ಗೇಟಿನವನ ಹತ್ತಿರ ತೆಲುಗಿನಲ್ಲಿ ಜಗಳ ತೆಗೆದರು. ಅವನು ತಮಿಳಿನಲ್ಲಿ ಬೈದ. ಒಬ್ಬರದು ಒಬ್ಬರಿಗೆ ಅರ್ಥವಾಗಲಿಲ್ಲ, ಸದ್ಯ.

ಕೊನೆಗೂ ಒಬ್ಬ ಸಣಕಲು ಮನುಷ್ಯ ಏಣಿ ಇಳಿದು ನಮ್ಮೆದುರು ಬಂದು ನಿಂತ. ಬಾಯಿ ಬಿಟ್ಟಾಗ ದನಿಯಿಂದ ಗುರುತು ಸಿಕ್ಕಿತು.

"ಅಪ್ಪ ಬರ್ಲಿಲ್ವಾ?"

ಎರಡು ವರ್ಷದ ಮೇಲೆ ಮೊದಲ ಮಾತು ಅದು!

"ಬರ್ಲಿಲ್ಲ ಕಣ್ಲಾ. ಹೆಂಡ್ತಿ ಬಂದವ್ಳೆ, ಕಾಣ್ಸಲ್ವಾ?" ಎಂದರು ಅತ್ತೆ.

ಇವರು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, "ಹಡಗು ಮುಂದಿನ ವಾರ ಹೊರಡ್ತೈತೆ. ಇನ್ನೊಂದ್ ಸಾರಿ ಹೋಗ್ಬುಟ್ಟು ಬತ್ತೀನಿ" ಎಂದರು.

ಅಲ್ಲಿಯವರೆಗೆ ಗಂಡನ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ಹೋಗಿ. ನಾನು ಕಲ್ಯಾಣದುರ್ಗಕ್ಕೆ, ನಮ್ಮಪ್ಪನ ಮನೇಗೆ ಹೋಯ್ತೀನಿ. ನಾನ್ ಬೇಕಾದ್ರೆ ಅಲ್ಲಿಗೇ ಬನ್ನಿ. ಅಲ್ಲಿಗೆ ಹಡಗು ಬರಲ್ಲ."

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರೇ ನನ್ನ ಕೈ ಹಿಡಿದು ಹೊರಟರು. ಕಲ್ಯಾಣದುರ್ಗದವರೆಗೂ ಬಂದು ನಮ್ಮಪ್ಪನಿಗೆ ಹೇಳಿದರು, "ನನ್ ಮಗನಿಗೆ ಬುದ್ಧಿ ಬರೋಗಂಟ ನನ್ ಸೊಸೆ ಇಲ್ಲೇ ಇರ್ಲಿ."

ಆ ಮನುಷ್ಯ ಹಡಗು ಹತ್ತಿ ಹೋಗಿಯೇ ಬಿಟ್ಟರು ನೋಡಿ!

ಮುಂದಿನ ಬೇಸಿಗೆಯಲ್ಲಿ ಕಲ್ಯಾಣದುರ್ಗದ ಬಸ್ಸಿನಿಂದ ತಗಡಿನ ಟ್ರಂಕು ಹೊತ್ತು ಇಳಿದರು. ಆಮೇಲೆ ಬೆಳುಗುಪ್ಪದ ಕಡೆ ತೋಟದ ಬಾವಿಗಳ ಆಯಿಲ್ ಎಂಜಿನ್ ರಿಪೇರಿ ಮಾಡಿಕೊಂಡು ಇಲ್ಲೇ ಉಳಿದರು. ಒಳ್ಳೆಯ ಸಂಸಾರವನ್ನೇ ಮಾಡಿದೆವು, ಸುಳ್ಳು ಹೇಳಬಾರದು.

ಆದರೆ ಸಾಯುವವರೆಗೂ ಒಂದೇ ಒಂದು ಸಲ "ತಪ್ಪಾಯ್ತು ಕಣೇ" ಅನ್ನಲಿಲ್ಲ... ನಿಮ್ಮ ಮನೆಯ ಗಂಡಸರು ಯಾರಾದರೂ ಅಂದದ್ದುಂಟಾ?