ಮಂಜುಗಡ್ಡೆಯ ಮೇಲಿನ ನಾಣ್ಯ

ಬಗ್ಗಿಸಿಕೊಂಡ ಕಾಫಿಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಇರ್ಯಾ ಟೊಲೊನೆನ್ ಮತ್ತೆ ಗ್ಯಾರೇಜಿನ ಕಡೆ ನಡೆದಳು. ನವೆಂಬರ್ ಬಂದರೂ ಬಿದ್ದ ಹಿಮ ನೆಲದ ಮೇಲೆ ನಿಲ್ಲದೆ ಕರಗುತ್ತಿತ್ತು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೋದ ವರ್ಷವೂ ಹೀಗೇ ಇತ್ತು.

ಪೂರ್ವ ಫಿನ್‌ಲ್ಯಾಂಡಿನ ಆ ಹಳ್ಳಿಯಲ್ಲಿ ನಿವೃತ್ತಳಾಗುವವರೆಗೂ ಶಾಲೆಯ ಬಸ್ಸು ಓಡಿಸಿದವಳು ಅವಳು. ಹಿಮದ ದಾರಿಯಲ್ಲಿ ಒಮ್ಮೆಯೂ ಬಸ್ಸನ್ನು ಚರಂಡಿಗೆ ಇಳಿಸಿದವಳಲ್ಲ. ಊರು ನೆನಪಿಟ್ಟುಕೊಂಡದ್ದು ಮಾತ್ರ ಮಾಂಸದ ಕಥೆಯನ್ನು. ಬೇಟೆಯ ತಂಡ ಊರೂಟಕ್ಕೆಂದು ತೆಗೆದಿಟ್ಟ, ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸವನ್ನು ಅವಳು ಗ್ಯಾರೇಜಿನಲ್ಲಿದ್ದ ಹಳೇ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಮೇಲಿನ ಗೂಡಿಗೂ ಕೆಳಗಿನ ಫ್ರೀಜರಿಗೂ ಚಳಿ ಅಳೆದು ಯಂತ್ರ ಓಡಿಸುವ ಥರ್ಮೋಸ್ಟಾಟ್ ಒಂದೇ. ಅದಿದ್ದುದು ಮೇಲಿನ ಗೂಡಿನಲ್ಲಿ. ಹೀಟರ್ ಇಲ್ಲದ ಗ್ಯಾರೇಜೇ ಫ್ರಿಜ್ಜಿನಷ್ಟು ತಣ್ಣಗಾದಾಗ, ಇನ್ನು ಕೆಲಸವಿಲ್ಲವೆಂದು ಯಂತ್ರ ಸುಮ್ಮನಾಯಿತು. ಕೆಳಗೆ ಮಾಂಸದ ಹೆಪ್ಪು ಕರಗಿ ಕೆಟ್ಟುಹೋಯಿತು. ಚಳಿ ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಬಾಗಿಲು ತೆಗೆದೇ ನೋಡಿರಲಿಲ್ಲ. ಊರೂಟಕ್ಕೆ ಅಂಗಡಿಯ ಸಾಸೇಜಿನ ಸಾರಾಯಿತು. ಯಾರೂ ಬೈಯಲಿಲ್ಲ. ಎರಡೆರಡು ಸಲ ಬಡಿಸಿಕೊಂಡು ನಕ್ಕರು, ಅಷ್ಟೆ.

ಈ ಸಲ ಬೇಟೆ ಮುಗಿದಾಗ ತಂಡದ ಮುಖ್ಯಸ್ಥ ತೈಸ್ತೊ ಕೇಳಿದ್ದ: "ನೀನೇ ಇಟ್ಕೋತೀಯಾ, ಇಲ್ಲಾ ಬೇರೆಯವರ ಮನೆಗೆ ಕಳಿಸ್ಲಾ?"

"ನಾನೇ ಇಟ್ಕೋತೀನಿ" ಅಂದವಳು ಮರುದಿನವೇ ಪೇಟೆಯ ಅಂಗಡಿಗೆ ಹೋದಳು. ಅಂಗಡಿಯವನು ಬೀರುವಿನಷ್ಟು ಎತ್ತರದ, ಹೊಳೆಯುವ ಫ್ರೀಜರ್ ಒಂದನ್ನು ತೋರಿಸಿದ.

"ಗ್ಯಾರೇಜು ಸೊನ್ನೆಗಿಂತ ಕೆಳಗೆ ಹೋದ್ರೆ ಇದು ಓಡುತ್ತಾ?"

"ಅಷ್ಟು ಚಳೀಲಿ ಫ್ರೀಜರ್ ಯಾಕಮ್ಮಾ ನಿಮಗೆ?"

"ಹೋದ್ವರ್ಷ ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದು ಇರ್ಯಾ ಬಗ್ಗಿ ಪೆಟ್ಟಿಗೆಗಳ ಹಿಂದಿನ ಚೀಟಿಗಳನ್ನೇ ಓದತೊಡಗಿದಳು. ಹೆಚ್ಚಿನವು ಹತ್ತು ಡಿಗ್ರಿಗಿಂತ ಕೆಳಗಿನ ಚಳಿಗೆ ಒಪ್ಪುತ್ತಿರಲಿಲ್ಲ. ಮೂಲೆಯಲ್ಲಿದ್ದ, ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆಯೊಂದು ಮೈನಸ್ ಹದಿನೈದರವರೆಗೂ ಓಡುತ್ತೇನೆ ಎನ್ನುತ್ತಿತ್ತು. ನೋಡಲು ಅಂದವಿಲ್ಲ. ಅದನ್ನೇ ಆರಿಸಿದಳು.

ಆದರೂ ನೆಮ್ಮದಿ ಬರಲಿಲ್ಲ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು, ಮಾಂಸದ ನಡುವೆ ನಿಲ್ಲಿಸಿದಳು. ಒಳಗೆ ಕರಗಿದರೆ ನಾಣ್ಯ ಮುಳುಗುತ್ತದೆ.

ಈಗ ಕಾಫಿ ಬಿಟ್ಟು ಬಂದರೆ ಗ್ಯಾರೇಜಿನ ಬಾಗಿಲಲ್ಲಿ ತೈಸ್ತೊ ನಿಂತಿದ್ದ. ಕೈಯಲ್ಲಿ ಸಾಸೇಜಿನ ಪೊಟ್ಟಣ.

"ಏನಿದು?" ಎಂದು ಇರ್ಯಾ ಕೇಳಿದಳು.

"ಎಲ್ಲಾದಕ್ಕೂ ರೆಡಿ ಇರ್ಬೇಕಲ್ಲ" ಎಂದು ಹಲ್ಲು ಕಿರಿದ.

ಅವಳು ಫ್ರೀಜರಿನ ಮುಚ್ಚಳ ಎತ್ತಿದಳು. ಅವನು ಒಂದು ಮಾಂಸದ ಗಂಟನ್ನು ಬೆರಳಿನಿಂದ ತಟ್ಟಿದ, ಕಲ್ಲಿನಷ್ಟು ಗಟ್ಟಿ. ಲೋಟ ನೋಡಿದ. ನಾಣ್ಯ ಮೇಲೇ ಇತ್ತು.

"ಸರಿ. ಊರೂಟದ ದೊಡ್ಡ ಹಂಡೆ ತೊಳೆಸಿಡ್ತೀನಿ."

"ಆ ಸಾಸೇಜು ಸೌನಾದ ಹಬೆಮನೆಯ ಬಿಸಿಗಲ್ಲಿನ ಮೇಲೆ ಸುಟ್ಕೊಂಡು ನೀನೇ ತಿನ್ನು."

ಅವನ ಕಾರು ತಿರುವು ದಾಟಿತು. ಇರ್ಯಾ ಮನೆಯ ಮೆಟ್ಟಿಲವರೆಗೆ ಹೋದಳು. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡಲು ಅಲ್ಲಿಂದಲೇ ಗ್ಯಾರೇಜಿಗೆ ಹಿಂತಿರುಗಿದಳು.