ಕಿರಣ ಮುಟ್ಟದ ಕಡೆ

ಮೊನ್ನೆ ಕೆ.ಆರ್. ನಗರದ ಅಂಗಡಿಯಲ್ಲಿ ನೇರಳೆ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ನಮ್ಮೂರು ಮಿರ್ಲೆಯ ಪಕ್ಕದ ಮನೆಯ ಅಕ್ಕ ನೆನಪಾದಳು... ಗರ್ಭಕೋಶದ ಕ್ಯಾನ್ಸರಿಗೆ ಮೈಸೂರಿನಲ್ಲಿ ರೇಡಿಯೇಷನ್ ಕೊಡುವಾಗ ಕಿರಣ ಬಿಡುವ ಜಾಗದ ಗುರುತಿಗೆ ಅವಳ ಸೊಂಟದ ಮೇಲೆ ಇಂಥದೇ ನೇರಳೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಗಂಡ ಕಬ್ಬಿನ ಲಾರಿಯ ಡ್ರೈವರ್, ಊರಿಗೆ ಬರುತ್ತಿದ್ದದ್ದೇ ಅಪರೂಪ. ಹಾಗಾಗಿ ಬಸ್ಸಿನಲ್ಲಿ ಜೊತೆಗೆ ಹೋಗುತ್ತಿದ್ದವಳು ನಾನು.

ಒಂದು ದಿನ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಇಳಿದಿದೆ ಎಂದು ಚಿಕಿತ್ಸೆ ನಿಲ್ಲಿಸಿಬಿಟ್ಟರು. ಕಿರಣ ಬಿಟ್ಟದ್ದು ಅಷ್ಟು ಜಾಗಕ್ಕೆ ಮಾತ್ರ ತಾನೇ ಎಂದು ನಾನು ಜಗಳಕ್ಕೇ ನಿಂತೆ. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ. ಅಲ್ಲಿ ಕಿರಣದ ಏಟು ತಿಂದ ಜೀವಕೋಶ ಸುಮ್ಮನಿರದೆ ಪಕ್ಕದ ಕೋಶಗಳಿಗೂ ಸಂಕೇತ ಕಳಿಸುತ್ತದೆ. ಕಿರಣ ಮುಟ್ಟದವೂ ಕೆಲವೊಮ್ಮೆ ಕೆಡುತ್ತವೆ, ಯಾರಿಗೆ ಎಷ್ಟು ಎಂದು ಮೊದಲೇ ಹೇಳಲಾಗದು. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಅಂದಿನಿಂದ ಅವಳು ತನ್ನ ಐದು ವರ್ಷದ ಮಗಳನ್ನು ಹತ್ತಿರ ಸೇರಿಸಲಿಲ್ಲ. ಮಗು ಓಡಿಬಂದರೆ ಗದರಿ ಅಟ್ಟುತ್ತಿದ್ದಳು. ಅದು ನಮ್ಮ ಮನೆಗೆ ಬಂದು ಅತ್ತು ಅತ್ತು ಮಲಗುತ್ತಿತ್ತು. ನನಗೆ ಮೈಯೆಲ್ಲ ಉರಿದು, ಇದೇನು ನಿನ್ನ ಆಟ ಎಂದು ಕೇಳಿಯೇಬಿಟ್ಟೆ.

"ಡಾಕ್ಟ್ರು ಏಳ್ಲಿಲ್ವಾ? ಏಟು ಬಿದ್ದುದ್ರ ಪಕ್ಕದಲ್ಲಿರೋದೂ ಕೆಡ್ತದೆ ಅಂತ. ನನ್ ಪಕ್ಕದಲ್ಲಿ ಮಲಗೋದು ಅವಳೇ ಕಣಮ್ಮಿ."

ಅದು ಮೈಯೊಳಗಿನ ಮಾತು, ಮನುಷ್ಯರ ನಡುವಿನದಲ್ಲ ಎಂದು ಎಷ್ಟು ಬಡಕೊಂಡರೂ ನಂಬಲಿಲ್ಲ. ಮುಂದಿನ ಸಲ ಡಾಕ್ಟರ ಬಾಯಿಂದಲೇ ಹೇಳಿಸಿದೆ.

"ನಿಮ್ಮಿಂದ ಮಗೂಗೆ ಏನೂ ಆಗಲ್ಲಮ್ಮ" ಎಂದರು. ಅಕ್ಕನ ಮುಖ ಅರಳಿತು. "ಆದ್ರೆ ಮಗೂಗೆ ನೆಗಡಿ ಗಿಗಡಿ ಇದ್ರೆ ನಿಮಗೇ ಕಷ್ಟ. ಬಿಳಿಕಣ ಏರೋವರೆಗೂ ಸ್ವಲ್ಪ ದೂರ ಇರಿ."

ಆ ಸಂಜೆ ಮಗು ಮೂಗು ಸುರಿಸಿಕೊಂಡೇ ಜಗುಲಿಯ ಕೆಳಗೆ ನಿಂತಿತ್ತು. ಅಕ್ಕ ಈ ಸಲ ಗದರಲಿಲ್ಲ. "ನೆಗಡಿ ಓಗ್ಲಿ ಕಣವ್ವ, ಆಮೇಲೆ ಎತ್ಕೊತೀನಿ" ಎಂದಳು. ನಾವೆಲ್ಲ ರಕ್ತದ ರಿಪೋರ್ಟಿಗೆ ಕಾದೆವು. ಮಗುವಿನ ನೆಗಡಿ ವಾಸಿಯಾಯಿತು, ಅಕ್ಕನ ಬಿಳಿಕಣ ಏರಲಿಲ್ಲ. ಅವಳಿಗೆ ಜ್ವರ ಹಿಡಿಯಿತು... ಮೈಸೂರಿಗೆ ಹೋದವಳು ಮತ್ತೆ ಬರಲಿಲ್ಲ.

ಆ ಮಗಳು ಈಗ ಹೈಸ್ಕೂಲು. ನಿನ್ನೆ ನನ್ನ ಹತ್ತಿರ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು: "ಅಮ್ಮಂಗೆ ನನ್ ಕಂಡ್ರೆ ಆಗ್ತಿರ್ಲಿಲ್ವಾ ಚಿಕ್ಕಮ್ಮ? ಬೈದಿದ್ದು ಮಾತ್ರ ಗ್ಯಾಪಕ."

ಎಲ್ಲವನ್ನೂ ಹೇಳಿದೆ. ಅವಳು ಅರ್ಧ ಹೆಣೆದ ಜಡೆ ಬಿಡಿಸಿಕೊಂಡು ನನ್ನ ಕಡೆ ತಿರುಗಿದಳು.

"ಅಂಗಾದ್ರೆ ಎತ್ಕೊಬೇಕು ಅಂತಿತ್ತಾ?"

"ಇತ್ತು ಕಣೆ" ಎಂದೆ. ಎತ್ತಿಸಿಕೊಳ್ಳುವ ವಯಸ್ಸನ್ನು ಅವಳು ಎಂದೋ ದಾಟಿದ್ದಳು.